ಹೂಬುಟ್ಟಿಯಲ್ಲಿ ವಾಲ್ವು

ಮದ್ದೂರಿನ ಕ್ಲಬ್ಬಿಗೆ ಈಜುಕೊಳ ಬೇಕೆಂದು ತೀರ್ಮಾನವಾದ ದಿನ ಸಮಿತಿಯಲ್ಲಿ ಈಜು ಬರುತ್ತಿದ್ದವರು ಅಧ್ಯಕ್ಷ ಚಿಕ್ಕಣ್ಣನವರೊಬ್ಬರೇ. ಅದೂ ಮೈ ಹಗುರಾಗಿದ್ದ ಕಾಲದಲ್ಲಿ, ಹನಕೆರೆಯ ತಮ್ಮ ತೋಟದ ಬಾವಿಯಲ್ಲಿ ಕಲಿತದ್ದು. ಉಳಿದವರಿಗೆ ನೀರೆಂದರೆ ಬಚ್ಚಲುಮನೆಯ ಹಂಡೆ. ಆದರೂ ನಿರ್ಣಯ ಸರ್ವಾನುಮತದಿಂದ ಪಾಸಾಯಿತು, ಯಾಕೆಂದರೆ ಮಂಡ್ಯದವರು ಟೆನಿಸ್ ಕೋರ್ಟು ಮಾಡಿಕೊಂಡಿದ್ದರು. ಊರ ಪಕ್ಕದಲ್ಲೇ ಶಿಂಷೆ ಹರಿಯುತ್ತಿದೆಯಲ್ಲ, ಈಜುವವರಿಗೆ ಅದು ಸಾಲದೆ ಎಂದು ಒಬ್ಬ ಸದಸ್ಯರು ಕೇಳಿದರಂತೆ. ಮುಂದಿನ ಸಮಿತಿಯಲ್ಲಿ ಅವರ ಹೆಸರು ಇರಲಿಲ್ಲ.

ಅದು ತುರ್ತು ಪರಿಸ್ಥಿತಿಯ ಕಾಲ. ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂದು ಕ್ಲಬ್ಬಿನ ಗೋಡೆಯ ಮೇಲೂ ಬರೆಸಿದ್ದರು. ಅದರ ಕೆಳಗೇ ಇಸ್ಪೀಟಿನ ಮೇಜು.

ಕಾರ್ಯದರ್ಶಿ ಪಾರ್ಥಸಾರಥಿಯವರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಜೀವಮಾನವೆಲ್ಲ ಭೌತಶಾಸ್ತ್ರ ಪಾಠ ಮಾಡಿದ್ದರು. ಮನೆಯಲ್ಲಿ ಬಲ್ಬು ಹೋದರೆ ಮಾತ್ರ ಎಲೆಕ್ಟ್ರಿಷಿಯನ್ನಿಗೆ ಹೇಳಿ ಕಳಿಸುತ್ತಿದ್ದರು. ಅವರ ಹೆಂಡತಿ ರಂಗನಾಯಕಿ ಹುಟ್ಟಿ ಬೆಳೆದದ್ದು ಮಳವಳ್ಳಿಯ ಆಚೆ, ಹೊಳೆಯ ದಂಡೆಯ ಬ್ಲಫ್ ಎಂಬ ಕಾಲೋನಿಯಲ್ಲಿ. ತಂದೆಗೆ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಹುಡುಗಿಯಾಗಿದ್ದಾಗ ಲಂಗ ಎತ್ತಿ ಕಟ್ಟಿಕೊಂಡು ತಮ್ಮ ರಾಮಾನುಜನ ಜೊತೆ ಹೊಳೆಯ ಮಡುವಿಗೆ ಬೀಳುತ್ತಿದ್ದರು. ಮದುವೆಯಾದ ಮೇಲೆ ನೀರಿಗೂ ಅವರಿಗೂ ಇದ್ದ ಸಂಬಂಧ ಕೊಡಪಾನದ ಮೂಲಕ ಮಾತ್ರ. ಕ್ಲಬ್ಬಿನಲ್ಲಿ ಕೊಳ ಬರುತ್ತದೆ, ಬುಧವಾರ ಮಧ್ಯಾಹ್ನ ಹೆಂಗಸರಿಗೆ ಮೀಸಲು ಎಂದು ಗಂಡ ಹೇಳಿದಾಗ ಅವರು ಒಳ್ಳೆಯದು ಎಂದಷ್ಟೇ ಹೇಳಿ ಸಾರಿಗೆ ಒಗ್ಗರಣೆ ಹಾಕಿದರು. ಆದರೆ ಅಂದಿನಿಂದ ಬುಧವಾರಗಳನ್ನು ಕಾಯತೊಡಗಿದರು.

ಕೊಳದ ನೀರನ್ನು ಶುದ್ಧ ಮಾಡಲು ಬೆಂಗಳೂರಿನ ಒಂದು ಕಂಪನಿ ಕಬ್ಬಿಣದ ದೊಡ್ಡ ಡ್ರಮ್ಮೊಂದನ್ನು ಕೂರಿಸಿತು. ಅದರ ಹೊಟ್ಟೆಯಲ್ಲಿ ಮರಳು, ನೆತ್ತಿಯಲ್ಲಿ ಒತ್ತಡ ತೋರಿಸುವ ಮುಳ್ಳಿನ ಗಡಿಯಾರ, ಸುತ್ತ ಕೊಳವೆಗಳು, ಕೊಳವೆಗಳ ಮೇಲೆ ತಿರುಗಿಸುವ ಚಕ್ರಗಳಿದ್ದ ಐದು ವಾಲ್ವುಗಳು. ಕಂಪನಿಯ ಎಂಜಿನಿಯರು ಪ್ರತಿ ವಾಲ್ವಿನ ಮೇಲೂ ಕೆಂಪು ಬಣ್ಣದಲ್ಲಿ ನಂಬರು ಬರೆದು, ಯಾವಾಗ ಯಾವುದನ್ನು ತೆರೆಯಬೇಕು ಎಂದು ಇಂಗ್ಲಿಷಿನಲ್ಲಿ ವಿವರಿಸಿ, ರೈಲಿಗೆ ಹೊತ್ತಾಯಿತೆಂದು ಹೊರಟುಹೋದ. ಸಮಿತಿಯವರೆಲ್ಲ ತಲೆಯಾಡಿಸಿದ್ದರು. ಅವರು ಬೇರೆ ಬೇರೆ ವಿಷಯಕ್ಕೆ ತಲೆಯಾಡಿಸಿದ್ದರು ಎಂಬುದು ಆಮೇಲೆ ತಿಳಿಯಿತು.

ಉದ್ಘಾಟನೆಗೆ ಜಿಲ್ಲಾಧಿಕಾರಿಗಳು ಬರುವವರಿದ್ದರು. ಪಂಪುಮನೆ ಅಂದವಾಗಿ ಕಾಣಲಿ ಎಂದು ಚಿಕ್ಕಣ್ಣನವರು ಹಿಂದಿನ ದಿನ ಡ್ರಮ್ಮು, ಕೊಳವೆ, ವಾಲ್ವು ಎಲ್ಲಕ್ಕೂ ಬೆಳ್ಳಿ ಬಣ್ಣ ಹೊಡೆಸಿದರು. ನಂಬರುಗಳಿಗೂ ಹೊಡೆಸಿದರು. ಪಂಪುಮನೆ ಮದುವೆ ಮಂಟಪದಂತೆ ಕಂಗೊಳಿಸಿತು. ಜಿಲ್ಲಾಧಿಕಾರಿಗಳು ನೀರಿಗೆ ಹೂವು ಹಾಕಿ, ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಾಲದಲ್ಲಿ ಜಿಲ್ಲಾಧಿಕಾರಿಗಳು ಬರುತ್ತೇನೆಂದರೆ ಅದರ ಭಾರ ಎಷ್ಟೆಂದು ಸಮಿತಿಯವರಿಗೆ ಮನೆಗೆ ಹೋದ ಮೇಲೆ ಹೊಳೆಯಿತು.

ಮೊದಮೊದಲು ನೀರು ಕನ್ನಡಿಯಂತಿತ್ತು. ಆಮೇಲೆ ಮಜ್ಜಿಗೆಯಂತಾಯಿತು. ಶಿವರಾತ್ರಿಯ ಹೊತ್ತಿಗೆ ಪಾಲಕ್ ಸೊಪ್ಪಿನ ಹುಳಿಯ ಬಣ್ಣಕ್ಕೆ ತಿರುಗಿತು. ಪಾರ್ಥಸಾರಥಿಯವರು ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿಸಿದರು. ಆ ಎಂಜಿನಿಯರು ಕೆಲಸ ಬಿಟ್ಟು ಬೊಂಬಾಯಿಗೆ ಹೋಗಿದ್ದಾನೆಂದೂ, ವಾಲ್ವಿನ ಮೇಲಿನ ನಂಬರಿನ ಪ್ರಕಾರ ನಡೆದುಕೊಂಡರೆ ಸಾಕೆಂದೂ ಕಂಪನಿಯವರು ತಿಳಿಸಿದರು.

ಆಗ ಇಬ್ಬರು ಪಂಡಿತರು ಹುಟ್ಟಿಕೊಂಡರು. ಒತ್ತಡದ ಮುಳ್ಳು ದಿನದಿನಕ್ಕೆ ಮೇಲೇರುತ್ತಿರುವುದನ್ನು ನೋಡಿ ಪಾರ್ಥಸಾರಥಿಯವರಿಗೆ ಸಂತೋಷ. ಮೂವತ್ತು ವರ್ಷ ಅಂಕಪಟ್ಟಿ ನೋಡಿದ ಕಣ್ಣಿಗೆ ಮೇಲೇರುವುದೆಲ್ಲ ಪ್ರಗತಿಯೇ. ಮುಳ್ಳು ಇನ್ನೂ ಏರಲಿ ಎಂದು ಅವರು ಒಂದೆರಡು ವಾಲ್ವುಗಳನ್ನು ಬಿಗಿ ಮಾಡಿಸುತ್ತಿದ್ದರು. ಚಿಕ್ಕಣ್ಣನವರದು ನಾಲೆಯ ಶಾಸ್ತ್ರ.

“ನೀರು ಅರೀಬೇಕು ಮೇಷ್ಟ್ರೇ. ಕಟ್ಟಾಕುದ್ರೆ ನಾರ್ತದೆ. ನಾನು ತೂಬು ನೋಡ್ಕೊಂಡೇ ಬೆಳೆದೋನು” ಎಂದು ಅವರು ಐದೂ ವಾಲ್ವುಗಳನ್ನು ಪೂರ್ತಿ ತೆರೆಸುತ್ತಿದ್ದರು. ಆಗ ಕೊಳದ ಅರ್ಧ ನೀರು ಚರಂಡಿಗೆ, ಉಳಿದದ್ದು ಬಂದ ಹಾಗೆಯೇ ಕೊಳಕ್ಕೆ. ಬೆಳಿಗ್ಗೆ ಮೇಷ್ಟ್ರು ಮುಚ್ಚಿಸಿದ್ದನ್ನು ಸಂಜೆ ಚಿಕ್ಕಣ್ಣನವರು ತೆರೆಸುವರು. ಇಬ್ಬರಿಗೂ ಹೂಂ ಎನ್ನುತ್ತಿದ್ದವನು ಪಂಪು ನೋಡಿಕೊಳ್ಳುವ ಅಂಕಯ್ಯ. ಅವನಿಗೆ ಸ್ವಂತ ಅಭಿಪ್ರಾಯವೇ ಇರಲಿಲ್ಲ. ಸ್ವಿಚ್ಚು ಹಾಕುವುದು, ಆರಿಸುವುದು, ನೀರಿಗೆ ಬ್ಲೀಚಿಂಗ್ ಪುಡಿ ಎರಚುವುದು, ಬಾಗಿಲಿಗೆ ಒರಗಿ ಕೂರುವುದು, ಇಷ್ಟು ಅವನ ಕೆಲಸ. ಅದನ್ನು ಅವನು ತಪ್ಪದೆ ಮಾಡುತ್ತಿದ್ದ.

ಹೆಂಗಸರ ವೇಳೆ ಶುರುವಾದದ್ದೇ ಶಿವರಾತ್ರಿ ಕಳೆದ ಮೇಲೆ. ಮೊದಲ ಬುಧವಾರ ಕೊಳದ ಹತ್ತಿರ ಬಂದ ಹೆಂಗಸರು ಇಬ್ಬರೇ. ಒಬ್ಬರು ರಂಗನಾಯಕಿ, ಇನ್ನೊಬ್ಬರು ಚಿಕ್ಕಣ್ಣನವರ ಹೆಂಡತಿ ದೇವಿರಮ್ಮ. ದೇವಿರಮ್ಮನವರಿಗೆ ಮಂಡಿನೋವು. ಇಬ್ಬರೂ ದಡದಲ್ಲಿ ನಿಂತು ನೋಡಿದರು. ನೀರಿನ ಮೇಲೆ ಒಂದು ಕಪ್ಪೆ ನಿರಾತಂಕವಾಗಿ ಕೂತಿತ್ತು.

“ಮೈಸೂರು ಡಾಕ್ಟ್ರು ಸೊಂಟದ ಮಟ್ಟ ನೀರಲ್ಲಿ ನಡೀರಿ ಅಂದವ್ರೆ. ಇದ್ಕೆ ನಮ್ಮನೆ ಎಮ್ಮೆನೂ ಇಳಿಯಾಕಿಲ್ಲ ಕಣಮ್ಮ” ಎಂದರು ದೇವಿರಮ್ಮ.

ರಂಗನಾಯಕಿ ಮನೆಗೆ ಬಂದು, ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಗಂಡನನ್ನು ಕೇಳಿದರು. ಪಾರ್ಥಸಾರಥಿಯವರು ಒತ್ತಡದ ವ್ಯಾಖ್ಯೆಯಿಂದ ಶುರುಮಾಡಿ, ದ್ರವಗಳ ಗುಣಗಳನ್ನು ಹೇಳಿ, ಉದಾಹರಣೆಗಳನ್ನು ಕೊಟ್ಟು, ಕೊನೆಗೆ ಅದು ಹೆಂಗಸರಿಗೆ ಅರ್ಥವಾಗುವ ವಿಷಯವಲ್ಲ ಎಂದರು. ಅದು ಹೇಳುತ್ತಿರುವವರಿಗೂ ಅರ್ಥವಾಗಿಲ್ಲ ಎಂಬುದು ರಂಗನಾಯಕಿಗೆ ಅರ್ಥವಾಯಿತು. ತಮ್ಮನನ್ನು ನೋಡಿ ಬಹಳ ದಿನವಾಯಿತು ಎಂದು ಹೇಳಿ, ಮಾರನೆಯ ದಿನವೇ ಮಳವಳ್ಳಿ ಬಸ್ಸು ಹತ್ತಿದರು. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬ್ಲಫ್ ಮುಟ್ಟುವಾಗ ಮಧ್ಯಾಹ್ನವಾಗಿತ್ತು.

ರಾಮಾನುಜನೂ ತಂದೆಯ ಕೆಲಸಕ್ಕೇ ಸೇರಿದ್ದ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ ಅವನು ತುಂಬ ಹೊತ್ತು ನಕ್ಕ. ಆಮೇಲೆ ಕಾಲೋನಿಗೆ ಕುಡಿಯುವ ನೀರು ಸೋಸುವ ಮನೆಗೆ ಕರೆದುಕೊಂಡು ಹೋದ. ಅಲ್ಲಿಯೂ ಅಂಥದೇ ಡ್ರಮ್ಮು, ಅಂಥವೇ ಐದು ವಾಲ್ವುಗಳು. ನೀರು ಮೇಲಿನಿಂದ ಮರಳಿನೊಳಕ್ಕೆ ಇಳಿಯುತ್ತದೆ, ಕೊಳೆ ಮರಳಿನಲ್ಲಿ ಉಳಿಯುತ್ತದೆ, ತಿಳಿನೀರು ತಳದಿಂದ ಹೊರಗೆ ಬರುತ್ತದೆ. ಇದಕ್ಕೆ ಎರಡು ವಾಲ್ವು ತೆರೆದಿದ್ದು ಮೂರು ಮುಚ್ಚಿರಬೇಕು. ಕೊಳೆ ತುಂಬಿದಾಗ ಆ ಎರಡನ್ನು ಮುಚ್ಚಿ ಬೇರೆ ಎರಡನ್ನು ತೆರೆದರೆ ನೀರು ತಳದಿಂದ ಮೇಲಕ್ಕೆ ನುಗ್ಗಿ, ಮರಳನ್ನು ಕಲಕಿ, ಕೊಳೆಯನ್ನು ಚರಂಡಿಗೆ ಎಸೆಯುತ್ತದೆ. ಮತ್ತೆ ಮೊದಲಿನಂತೆ ಮಾಡುವ ಮುಂಚೆ ಐದನೆಯ ವಾಲ್ವಿನಿಂದ ಸ್ವಲ್ಪ ಹೊತ್ತು ಚರಂಡಿಗೇ ಬಿಡಬೇಕು. ಪಂಪು ಓಡುತ್ತಿರುವಾಗ ಮಾತ್ರ ಯಾವುದನ್ನೂ ಮುಟ್ಟಬಾರದು.

“ಭಾವನಿಗೆ ಹೇಳು, ಮುಳ್ಳು ಮೇಲೇರಿದ್ರೆ ಅದು ಫಸ್ಟ್ ಕ್ಲಾಸಲ್ಲ, ಜ್ವರ” ಎಂದ ರಾಮಾನುಜ. “ಮರಳು ಕೊಳೆ ತಿಂದು ತಿಂದು ಹೊಟ್ಟೆ ಕಟ್ಕೊಂಡಿದೆ.”

ನಂಬರುಗಳು ಅಳಿಸಿಹೋಗಿವೆಯಲ್ಲ ಎಂದು ರಂಗನಾಯಕಿ ಕೇಳಿದರು. ನಂಬರು ಬೇಡ, ಕೊಳವೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೈಯಿಟ್ಟು ನೋಡಿಕೊಂಡು ಹೋದರೆ ಸಾಕು ಎಂದ ತಮ್ಮ. ಅವರು ಅಲ್ಲೇ ಸೆರಗು ಸಿಕ್ಕಿಸಿಕೊಂಡು, ತಪ್ಪಿ, ಬೈಸಿಕೊಂಡು, ಮತ್ತೆ ಮಾಡಿ, ತಮ್ಮ ಸಾಕು ಎನ್ನುವವರೆಗೂ ಕಲಿತರು. ನೀರಿನ ಬಣ್ಣ ತಮ್ಮದೇ ಕೈಯಲ್ಲಿ ಬದಲಾಗುವುದನ್ನು ನೋಡಿದಾಗ, ಎಷ್ಟೋ ವರ್ಷಗಳಿಂದ ಆಗದಿದ್ದ ಒಂದು ಖುಷಿ ಆಯಿತು.

ಊರಿಗೆ ಬಂದು ಗಂಡನಿಗೆ ಹೇಳಿದರು. ವಿದ್ಯುತ್ ಕೇಂದ್ರದ ನೀರು ಬೇರೆ, ಕ್ಲಬ್ಬಿನ ನೀರು ಬೇರೆ ಎಂದು ಪಾರ್ಥಸಾರಥಿಯವರು ಹೇಳಿದರು. ಜ್ವರದ ಮಾತನ್ನು ರಂಗನಾಯಕಿ ಹೇಳಲಿಲ್ಲ.

ಬುಧವಾರದ ನಿಯಮವನ್ನು ಬರೆದವರು ಪಾರ್ಥಸಾರಥಿಯವರೇ. ಹೆಂಗಸರ ವೇಳೆಯಲ್ಲಿ ಯಾವ ಗಂಡಸೂ, ಪದಾಧಿಕಾರಿಗಳೂ ಸೇರಿದಂತೆ, ಗೇಟಿನೊಳಗೆ ಕಾಲಿಡಕೂಡದು. ಆ ಹೊತ್ತಿನಲ್ಲಿ ಇಸ್ಪೀಟಿನ ಮೇಜು ಗೇಟಿನ ಹೊರಗೆ ಹೊಂಗೆ ಮರದ ಕೆಳಕ್ಕೆ ಬರುತ್ತಿತ್ತು. ಆ ಬುಧವಾರ ರಂಗನಾಯಕಿ ಮತ್ತು ದೇವಿರಮ್ಮ ಒಳಗೆ ಹೋದವರು ನೇರ ಪಂಪುಮನೆ ಹೊಕ್ಕರು. ರಂಗನಾಯಕಿ ಕೊಳವೆಗಳನ್ನು ತಡವಿ ಗುರುತು ಹಿಡಿದು, ಸೋಸುವ ಜೋಡಿಗೆ ಅರಿಶಿನದ ಬೊಟ್ಟು, ತೊಳೆಯುವ ಜೋಡಿಗೆ ಕುಂಕುಮದ ಬೊಟ್ಟು ಇಟ್ಟರು. ಕುಂಕುಮದ ಚಕ್ರಗಳನ್ನು ತಿರುಗಿಸಿ ಪಂಪಿನ ಸ್ವಿಚ್ಚು ಹಾಕಿದರು.

ಡ್ರಮ್ಮು ಒಮ್ಮೆ ನರಳಿತು. ಆಮೇಲೆ ಇಷ್ಟು ದಿನ ತಿಂದದ್ದನ್ನೆಲ್ಲ ಕಕ್ಕಿತು. ಕಡುಹಸಿರು ಬಗ್ಗಡ ಚರಂಡಿ ತುಂಬಿ, ಗೋಡೆಯ ಕೆಳಗೆ ನುಸುಳಿ, ಹೊಂಗೆ ಮರದ ಬುಡಕ್ಕೆ ಬಂತು. ಇಸ್ಪೀಟಾಡುತ್ತಿದ್ದ ಗಣ್ಯರು ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡರು. ಒಬ್ಬರ ಚಪ್ಪಲಿ ತೇಲಿ ಹೋಯಿತು. ಚಿಕ್ಕಣ್ಣನವರು ಗೇಟಿನವರೆಗೆ ಓಡಿದರು. ಪಾರ್ಥಸಾರಥಿಯವರು ಅವರ ತೋಳು ಹಿಡಿದು ನಿಯಮವನ್ನು ನೆನಪಿಸಿದರು.

ಒಳಗೆ ನೀರು ತಿಳಿಯಾಗುತ್ತ ಬಂದಿತ್ತು. ಇನ್ನು ಸಾಕು, ಕೊಳಕ್ಕೆ ತಿರುಗಿಸೋಣ ಎಂದು ಹೊರಟ ರಂಗನಾಯಕಿ ಐದನೆಯ ವಾಲ್ವನ್ನು ಮರೆತೇಬಿಟ್ಟಿದ್ದರು. ತಡೆದವರು ದೇವಿರಮ್ಮ.

“ಅಕ್ಕಿ ತೊಳ್ಯೋರು ಮೊದಲ್ನೇ ನೀರ್ಗೇ ಒಲೆ ಮೇಲಿಕ್ತಾರಾ ಅಮ್ನೋರೆ? ಇನ್ನೊಂದ್ಕಿತ ಬಸೀರಿ.”

ಸಂಜೆ ಗಂಡಸರು ಒಳಗೆ ಬಂದು ನೋಡಿದರೆ ಮುಳ್ಳು ಕೆಳಗೆ ಇಳಿದಿತ್ತು. ಪಾರ್ಥಸಾರಥಿಯವರಿಗೆ ಇಡೀ ತರಗತಿ ನಪಾಸಾದಂತಾಯಿತು. ವಾಲ್ವುಗಳು ಅರ್ಧಕ್ಕರ್ಧ ಮುಚ್ಚಿರುವುದನ್ನು ಕಂಡು ಚಿಕ್ಕಣ್ಣನವರಿಗೂ ಸಂಕಟವಾಯಿತು. ಕೊಳ ಕಟ್ಟಿದಂದಿನಿಂದ ಮೊದಲ ಬಾರಿಗೆ ಇಬ್ಬರೂ ಒಂದು ಅಭಿಪ್ರಾಯಕ್ಕೆ ಬಂದರು. ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಅರಿಶಿನ ಕುಂಕುಮ ನೋಡಿ, ಹೆಂಗಸರು ಯಂತ್ರಕ್ಕೆ ಪೂಜೆ ಮಾಡಿದ್ದಾರೆಂದು ಅಂಕಯ್ಯ ಡ್ರಮ್ಮಿಗೆ ಕೈಮುಗಿದ. ಮುಂದಿನ ಬುಧವಾರಕ್ಕೆ ಕಪ್ಪೆಗೆ ಸಂಗಾತಿ ಬಂದಿತ್ತು.

ರಂಗನಾಯಕಿಗೆ ಅಂದು ಅಳು ಬಂತು, ಆಮೇಲೆ ಸಿಟ್ಟು ಬಂತು. ಮತ್ತೆ ಮರಳು ತೊಳೆದರು. ಸೋಸುವ ಜೋಡಿಯನ್ನು ತೆರೆದು ಉಳಿದವನ್ನು ಮುಚ್ಚಿದರು. ಆಮೇಲೆ ದೇವಿರಮ್ಮ ಸೆರಗಿನಿಂದ ಒಂದು ಸ್ಪ್ಯಾನರು ತೆಗೆದರು. ಪ್ರತಿ ಚಕ್ರವನ್ನೂ ಹಿಡಿದಿದ್ದದ್ದು ನಡುವಿನ ಒಂದೇ ಒಂದು ನಟ್ಟು. ಐದೂ ಚಕ್ರಗಳು ರಂಗನಾಯಕಿಯ ಹೂಬುಟ್ಟಿ ಸೇರಿದವು. ಮೇಲೆ ಕಣಗಿಲೆ ಹೂವು.

ಅಂದಿನಿಂದ ದಿನಾ ಬೆಳಿಗ್ಗೆ ದೇವಿರಮ್ಮ ಮಂಡಿನೋವಿಗೆಂದು, ರಂಗನಾಯಕಿ ದೇವರಿಗೆ ಹೂವು ಕೊಯ್ಯಲೆಂದು ಕ್ಲಬ್ಬಿನ ಆವರಣಕ್ಕೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಸಮಿತಿಯವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಕಾಫಿ ಕುಡಿಯುತ್ತ ದೇಶದ ಶಿಸ್ತಿನ ಬಗ್ಗೆ ಪೇಪರು ಓದುತ್ತಿರುತ್ತಿದ್ದರು. ಹೂಬುಟ್ಟಿಯಿಂದ ಚಕ್ರಗಳು ಹೊರಬರುವವು, ಮರಳಿಗೆ ಸ್ನಾನವಾಗುವುದು, ಚಕ್ರಗಳು ಹೂವಿನ ಕೆಳಗೆ ಮನೆಗೆ ಮರಳುವವು. ಆಮೇಲೆ ಅಂಕಯ್ಯ ಬಂದು ಬ್ಲೀಚಿಂಗ್ ಪುಡಿ ಎರಚಿ, ಪಂಪು ಹಾಕಿ, ಬಾಗಿಲಿಗೆ ಒರಗುತ್ತಿದ್ದ.

ಚಕ್ರಗಳು ಕಾಣೆಯಾದದ್ದು ಗುರುವಾರವೇ ಬೆಳಕಿಗೆ ಬಂತು. ಸಮಿತಿ ಪಂಪುಮನೆಯಲ್ಲಿ ಸಭೆ ಸೇರಿತು, ತನಿಖೆ ಮಾಡಿತು, ಗೋಡೆ ಹಾರಿದ ಗುರುತು ಹುಡುಕಿತು, ಮಂಡ್ಯದವರ ಮೇಲೂ ಒಮ್ಮೆ ಸಂಶಯಪಟ್ಟಿತು. ಕೊನೆಗೆ ಎಲ್ಲ ಸಮಿತಿಗಳಂತೆ, ಸಭೆಯಲ್ಲಿ ಇಲ್ಲದವನ ಮೇಲೆ ತಪ್ಪು ಹೊರಿಸಿತು. ಅಂಕಯ್ಯನನ್ನು ಕರೆಸಿ ಕೇಳಿದಾಗ ಅವನು, ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಆ ಕೋಣೆಯ ಒಂದು ವಸ್ತುವನ್ನೂ ಮುಟ್ಟಿಲ್ಲ ಎಂದು ಆಣೆ ಮಾಡಿದ. ಅಕ್ಷರಶಃ ನಿಜವಾದ ಆ ಮಾತನ್ನು ಯಾರೂ ನಂಬಲಿಲ್ಲ. ಪೊಲೀಸರಿಗೆ ದೂರು ಕೊಡುವುದೆಂದು ತೀರ್ಮಾನವಾಯಿತು.

ಸೋಮವಾರ ಊಟಕ್ಕೆ ಕೂತಾಗ ಪಾರ್ಥಸಾರಥಿಯವರು ಇದನ್ನು ಹೆಂಡತಿಗೆ ಹೇಳಿದರು. ಇಂಥ ಕಾಲದಲ್ಲಿ ಒಳಗೆ ಹಾಕಿದರೆ ಬೇಗ ಬಿಡುವುದಿಲ್ಲ, ಅವನಿಗೆ ಬುದ್ಧಿ ಬರುತ್ತದೆ ಎಂದರು. ಮಜ್ಜಿಗೆ ಬಡಿಸುತ್ತಿದ್ದ ರಂಗನಾಯಕಿಯ ಕೈ ನಿಂತಿತು. ಗಂಡ ಸಭೆಗೆ ಹೊರಟ ಸ್ವಲ್ಪ ಹೊತ್ತಿಗೆ ಅವರೂ ಬುಟ್ಟಿ ಹಿಡಿದು ಹೊರಟರು. ದಾರಿಯಲ್ಲಿ ದೇವಿರಮ್ಮನವರ ಮನೆಯ ಬಾಗಿಲು ತಟ್ಟಿದರು. ಗಂಡನ ಎದುರು ನಾಲ್ಕು ಜನರ ಮುಂದೆ ಮಾತಾಡಿದ್ದು ರಂಗನಾಯಕಿಗೆ ನೆನಪಿನಲ್ಲೇ ಇರಲಿಲ್ಲ.

ಸಭೆಯಲ್ಲಿ ಪಾರ್ಥಸಾರಥಿಯವರು ದೂರಿನ ಕಾಗದ ಬರೆಯುತ್ತಿದ್ದರು. ರಂಗನಾಯಕಿ ಒಳಗೆ ಬಂದು ಹೂಬುಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಕಣಗಿಲೆಯ ಜೊತೆಗೆ ಐದು ಕಬ್ಬಿಣದ ಚಕ್ರಗಳು ಉರುಳಿದವು. ಒಂದು ಉರುಳುತ್ತ ಹೋಗಿ ಚಿಕ್ಕಣ್ಣನವರ ಮುಂದೆ ಮಲಗಿತು.

“ತೆಗೆದದ್ದು ನಾನು. ಅಂಕಯ್ಯನ ಹೆಸರು ಹೊಡೆದು ನನ್ನ ಹೆಸರು ಬರೀರಿ. ಮನೆ ವಿಳಾಸ ಕಾರ್ಯದರ್ಶಿಗಳಿಗೆ ಗೊತ್ತು” ಎಂದರು ರಂಗನಾಯಕಿ.

ಬಾಗಿಲಲ್ಲಿ ನಿಂತಿದ್ದ ದೇವಿರಮ್ಮ ಗಂಡನ ಕಡೆ ನೋಡಿದರು.

“ನನ್ ಎಸ್ರೂ ಬರ್ಕೊಳಿ. ಸ್ಪ್ಯಾನರು ನಮ್ಮ ಟ್ರಾಕ್ಟರಿಂದು.”

ಚಿಕ್ಕಣ್ಣನವರು ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಹಾಗಾದರೆ ನೀರಿನ ಗತಿ ಏನಾಯಿತು ಎಂದು ಕೇಳಿದರು. ಕಿಟಕಿ ಅಲ್ಲೇ ಇದೆ, ನೋಡಬಹುದು ಎಂದರು ರಂಗನಾಯಕಿ. ಎಲ್ಲರೂ ಎದ್ದು ಹೋದರು. ತನಿಖೆಯಲ್ಲಿ ಮುಳುಗಿದ್ದ ಸಮಿತಿಗೆ ಇಷ್ಟು ದಿನ ಕೊಳದ ಕಡೆ ನೋಡಲು ಪುರುಸೊತ್ತಾಗಿರಲಿಲ್ಲ. ತಳದ ಬಿಳಿ ಟೈಲ್ಸುಗಳನ್ನು ಎಣಿಸಬಹುದಾಗಿತ್ತು. ಯಾರೋ ಬೀಳಿಸಿಕೊಂಡಿದ್ದ ಒಂದು ಬಾಚಣಿಗೆ ಕೂಡ ಕಾಣುತ್ತಿತ್ತು. ಪಾರ್ಥಸಾರಥಿಯವರು ತುಂಬ ಹೊತ್ತು ಕಿಟಕಿಯಲ್ಲೇ ನಿಂತರು. ತಿರುಗಿ ಬಂದು ತಾವು ಬರೆದ ಕಾಗದವನ್ನು ತಾವೇ ಹರಿದರು. ಅವರಿಗೆ ಅವಮಾನವಾಗಿತ್ತು. ಅದರ ಜೊತೆಗೆ, ಯಾಕೆಂದು ಹೇಳಲಾಗದ ಹಾಗೆ, ಒಂದು ಬಗೆಯ ಹೆಮ್ಮೆಯೂ ಆಗುತ್ತಿತ್ತು. ಯಾವುದನ್ನು ಮುಖದಲ್ಲಿ ತೋರಿಸುವುದೆಂದು ತಿಳಿಯದೆ ಕನ್ನಡಕ ಒರೆಸಿಕೊಂಡರು.

ಸೋತೆವು ಎಂದು ಸಮಿತಿಗಳು ಒಪ್ಪಿಕೊಳ್ಳುವ ಪದ್ಧತಿಯಿಲ್ಲ. ಚಿಕ್ಕಣ್ಣನವರ ಅಧ್ಯಕ್ಷತೆಯಲ್ಲಿ, ಪಾರ್ಥಸಾರಥಿಯವರ ಸಂಚಾಲಕತ್ವದಲ್ಲಿ ಒಂದು ವಾಲ್ವು ಉಪಸಮಿತಿ ರಚನೆಯಾಯಿತು. ಮಹಿಳೆಯರಿಬ್ಬರನ್ನು ಸಲಹೆಗಾರರನ್ನಾಗಿ ಸೇರಿಸಿಕೊಳ್ಳಲಾಯಿತು. ಉಪಸಮಿತಿ ಒಂದು ದಿನವೂ ಸಭೆ ಸೇರಲಿಲ್ಲ, ಆದ್ದರಿಂದ ಕೊಳ ಚೆನ್ನಾಗಿ ಉಳಿಯಿತು. ಅಂಕಯ್ಯನ ಮನಸ್ಸು ಮಾತ್ರ ಮುರಿದಿತ್ತು, ಕೆಲಸಕ್ಕೆ ಬರುವುದನ್ನೇ ಬಿಟ್ಟಿದ್ದ. ಪಾರ್ಥಸಾರಥಿಯವರು ಅವನ ಮನೆಗೇ ಹೋಗಿ ಕ್ಷಮೆ ಕೇಳಿದರು. ಅದನ್ನು ಅವರು ಎಷ್ಟು ಶಿಷ್ಟವಾದ ಭಾಷೆಯಲ್ಲಿ ಕೇಳಿದರೆಂದರೆ, ಗಂಡನನ್ನು ಕೆಲಸದಿಂದ ತೆಗೆಯುತ್ತಿದ್ದಾರೆಂದು ತಿಳಿದು ಅವನ ಹೆಂಡತಿ ಮಂಚಮ್ಮ ಗೋಳೋ ಎಂದು ಅತ್ತಳು. ಕೊನೆಗೆ ರಂಗನಾಯಕಿ ಹೋಗಿ, ತಪ್ಪು ನಂದು ಕಣಪ್ಪ, ನಾಳೆಯಿಂದ ಕೆಲಸಕ್ಕೆ ಬಾ ಎಂದು ಎರಡೇ ಮಾತಿನಲ್ಲಿ ಮುಗಿಸಿದರು.

ಆ ಬುಧವಾರ ರಂಗನಾಯಕಿ ಹಳೆಯ ಸೀರೆಯನ್ನು ಕಚ್ಚೆ ಹಾಕಿ ಉಟ್ಟುಕೊಂಡು ನೀರಿಗೆ ಇಳಿದರು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತರು. ಮೈಗೆ ಮರೆತುಹೋಗಿರಬಹುದು ಎಂಬ ಹೆದರಿಕೆ. ಆಮೇಲೆ ಮುಂದಕ್ಕೆ ವಾಲಿ ಕೈ ಚಾಚಿದರು. ಮೈಗೆ ಏನೂ ಮರೆತಿರಲಿಲ್ಲ. ಕಂಬಿ ಹಿಡಿದು ನಡೆಯುತ್ತಿದ್ದ ದೇವಿರಮ್ಮ ನಡೆಯುವುದನ್ನು ನಿಲ್ಲಿಸಿ, ಬಾಯಿಗೆ ಕೈಯಿಟ್ಟುಕೊಂಡು ನೋಡಿದರು. ಆಚೆಯ ದಡ ಮುಟ್ಟಿ ತಿರುಗುವಾಗ ರಂಗನಾಯಕಿ ನಗುತ್ತಿದ್ದರು, ಬಾಯಿಗೆ ನೀರು ಹೋಗಿ ಕೆಮ್ಮುತ್ತಲೂ ಇದ್ದರು.

ಅಂದು ಸಂಜೆ ಗೇಟಿನ ಹತ್ತಿರ ದೇವಿರಮ್ಮ ಪಾರ್ಥಸಾರಥಿಯವರಿಗೆ, ನಿಮ್ಮನೆಯೋರು ಮೀನು ಕಣ್ರೀ ಮೇಷ್ಟ್ರೇ ಎಂದು ಹೇಳಿ ಹೋದರು. ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ದಿನ ತಿರುಗಿದರು. ಬೇಸಿಗೆಯಲ್ಲಿ ಜಿಲ್ಲಾಧಿಕಾರಿಗಳು ಮಕ್ಕಳ ಸಮೇತ ಬಂದು, ಸಮಿತಿಯ ಪರಿಶ್ರಮವನ್ನು ಹೊಗಳಿ ಭಾಷಣ ಮಾಡಿದ ಮೇಲಂತೂ ಅವರಿಗೆ ಸುಮ್ಮನಿರಲು ಆಗಲಿಲ್ಲ. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅರವತ್ತು ದಾಟಿದವರು ಈಜು ಕಲಿಯುವುದು ಸಾಧ್ಯವೆ ಎಂದು, ಯಾರೋ ಬೇರೆಯವರ ಪರವಾಗಿ ವಿಚಾರಿಸಿದರು.

“ನೀರಿಗೆ ಇಳಿದ್ರೆ ಬರತ್ತೆ. ಸಭೆ ಕರೆದ್ರೆ ಬರಲ್ಲ” ಎಂದರು ರಂಗನಾಯಕಿ, ಕಾಫಿಯ ಲೋಟ ಮುಂದೆ ಹಿಡಿದು.

ಭಾನುವಾರ ಪಾರ್ಥಸಾರಥಿಯವರು ಇಳಿದರು. ಚಿಕ್ಕಣ್ಣನವರು ದಡದಲ್ಲಿ ನಿಂತು, ಕೈ ಬುಡಿ ಮೇಷ್ಟ್ರೇ, ಕೈ ಬುಡಿ ಎಂದು ಗದರುತ್ತಿದ್ದರು. ಪಾರ್ಥಸಾರಥಿಯವರು ಬಿಡಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು ಊಟದ ಹೊತ್ತಿನವರೆಗೂ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದು, ಮನೆಗೆ ಬಂದು, ನೀರು ಬಹಳ ಸ್ವಚ್ಛವಾಗಿದೆ ಎಂದು ಹೆಂಡತಿಗೆ ವರದಿ ಒಪ್ಪಿಸಿದರು.